ಜ್ಯೂರಿ ಸೇವೆ ಮತ್ತು ಉದ್ಯೋಗ

ಜ್ಯೂರಿ ಸೇವೆ ಎಂದರೆ ನ್ಯಾಯಾಲಯದ ಕರೆಯ ಮೇರೆಗೆ ಸಾಮಾನ್ಯ ನಾಗರಿಕರು ಮೊಕದ್ದಮೆಯೊಂದರ ವಿಚಾರಣೆಯನ್ನು ಕೇಳಿ, ತೀರ್ಪುಗಾರರಾಗಿ ತಮ್ಮ ನಿರ್ಣಯವನ್ನು ತಿಳಿಸುವ ಸಾರ್ವಜನಿಕ ಕರ್ತವ್ಯ. ಅಮೆರಿಕ ಸಂಯುಕ್ತ ಸಂಸ್ಥಾನ, ಬ್ರಿಟನ್, ಐರ್ಲೆಂಡ್, ಕೆನಡಾ, ಆಸ್ಟ್ರೇಲಿಯಾ ಮೊದಲಾದ ದೇಶಗಳಲ್ಲಿ ಈ ಸೇವೆ ಕಡ್ಡಾಯವಾದುದು. ಕರೆ ಬಂದ ವ್ಯಕ್ತಿ ಸಕಾರಣವಿಲ್ಲದೆ ಗೈರುಹಾಜರಾದರೆ ದಂಡಕ್ಕೆ ಗುರಿಯಾಗುತ್ತಾನೆ. ಆದರೆ ಹೀಗೆ ಕರೆ ಪಡೆಯುವವರಲ್ಲಿ ಹೆಚ್ಚಿನವರು ಎಲ್ಲಿಯಾದರೂ ಕೆಲಸದಲ್ಲಿರುವವರು. ನ್ಯಾಯಾಲಯಕ್ಕೆ ಹೋದ ದಿನ ಕೆಲಸಕ್ಕೆ ಹೋಗಲಾಗುವುದಿಲ್ಲ. ಆ ದಿನದ ವೇತನವನ್ನು ಯಾರು ಕೊಡಬೇಕು, ಕೆಲಸದಿಂದ ತೆಗೆದುಹಾಕಿದರೆ ರಕ್ಷಣೆ ಏನು, ಯಾರಿಗೆ ವಿನಾಯಿತಿ ದೊರೆಯಬೇಕು ಎಂಬ ಪ್ರಶ್ನೆಗಳು ಇದರಿಂದ ಹುಟ್ಟುತ್ತವೆ.

ಮೇಲುನೋಟಕ್ಕೆ ಇದು ರಜೆ ಮತ್ತು ಸಂಬಳಕ್ಕೆ ಸಂಬಂಧಿಸಿದ ಸಣ್ಣ ವಿಷಯವೆಂದು ತೋರಬಹುದು. ವಾಸ್ತವದಲ್ಲಿ ಇದು ಜ್ಯೂರಿ ಪದ್ಧತಿಯ ತಳಹದಿಗೇ ಸೇರಿದ ವಿಷಯ. ದಿನದ ದುಡಿಮೆಯನ್ನು ಬಿಡಲಾಗದ ಬಡವರೆಲ್ಲ ವಿನಾಯಿತಿ ಪಡೆದು ಹೊರಗುಳಿದರೆ, ಉಳಿಯುವ ಜ್ಯೂರಿಯಲ್ಲಿ ಅನುಕೂಲಸ್ಥರು ಮತ್ತು ನಿವೃತ್ತರೇ ತುಂಬಿಕೊಳ್ಳುತ್ತಾರೆ. ಆಗ ಜ್ಯೂರಿಯು ಸಮಾಜದ ಪ್ರತಿನಿಧಿಯಾಗಿ ಉಳಿಯುವುದಿಲ್ಲ. ಈ ಕಾರಣದಿಂದಲೇ ಹಲವು ದೇಶಗಳು ಜ್ಯೂರಿ ಸದಸ್ಯರ ಉದ್ಯೋಗ ಮತ್ತು ವರಮಾನದ ರಕ್ಷಣೆಗಾಗಿ ಕಾನೂನುಗಳನ್ನು ಮಾಡಿಕೊಂಡಿವೆ.

## ಹಿನ್ನೆಲೆ

ಜ್ಯೂರಿಯನ್ನು ಕನ್ನಡದಲ್ಲಿ ತೀರ್ಪುಗಾರರ ಮಂಡಳಿ ಎಂದು ಕರೆಯುತ್ತಾರೆ. ಜೂರಿ ಎಂದು ಬರೆಯುವ ರೂಢಿಯೂ ಇದೆ. ಜ್ಯೂರಿ ಇರುವ ವಿಚಾರಣೆಯಲ್ಲಿ ನ್ಯಾಯಾಧೀಶರು ಕಾನೂನಿನ ಪ್ರಶ್ನೆಗಳನ್ನು ತೀರ್ಮಾನಿಸುತ್ತಾರೆ. ನಡೆದ ಸಂಗತಿ ಏನು, ಆರೋಪಿ ತಪ್ಪಿತಸ್ಥನೋ ಅಲ್ಲವೋ ಎಂಬುದನ್ನು ಜ್ಯೂರಿ ತೀರ್ಮಾನಿಸುತ್ತದೆ. ಜ್ಯೂರಿ ಸದಸ್ಯರಿಗೆ ಕಾನೂನಿನ ಓದು ಬೇಕಿಲ್ಲ. ಸಾಮಾನ್ಯ ಜನರ ವಿವೇಕ ನ್ಯಾಯಾಲಯದೊಳಗೆ ಬರಬೇಕೆಂಬುದೇ ಈ ಪದ್ಧತಿಯ ಆಶಯ.

ಸದಸ್ಯರ ಆಯ್ಕೆ ಹಲವು ಹಂತಗಳಲ್ಲಿ ನಡೆಯುತ್ತದೆ. ಮತದಾರರ ಪಟ್ಟಿ, ಕೆಲವೆಡೆ ವಾಹನ ಚಾಲನಾ ಪರವಾನಗಿ ಪಡೆದವರ ಪಟ್ಟಿ ಮುಂತಾದವುಗಳಿಂದ ಹೆಸರುಗಳನ್ನು ಯಾದೃಚ್ಛಿಕವಾಗಿ ಆರಿಸುತ್ತಾರೆ. ಆಯ್ಕೆಯಾದವರಿಗೆ ಸಮನ್ಸ್ ಮತ್ತು ಪ್ರಶ್ನಾವಳಿಯನ್ನು ಕಳುಹಿಸಲಾಗುತ್ತದೆ. ನಿಗದಿತ ದಿನ ಬಂದವರಲ್ಲಿ ಕೆಲವರನ್ನು ಮಾತ್ರ ನಿರ್ದಿಷ್ಟ ಮೊಕದ್ದಮೆಗೆ ಆರಿಸಿ, ಉಳಿದವರನ್ನು ಮನೆಗೆ ಕಳುಹಿಸುತ್ತಾರೆ. ಆದ್ದರಿಂದ ಕರೆ ಬಂದ ವ್ಯಕ್ತಿಗೆ ತಾನು ಎಷ್ಟು ದಿನ ಕೆಲಸ ಬಿಡಬೇಕಾದೀತು ಎಂಬುದು ಮೊದಲೇ ತಿಳಿದಿರುವುದಿಲ್ಲ. ಅದು ಅರ್ಧ ದಿನವಾಗಬಹುದು, ಎರಡು ವಾರವಾಗಬಹುದು, ಅಪರೂಪದ ಮೊಕದ್ದಮೆಗಳಲ್ಲಿ ಹಲವು ತಿಂಗಳುಗಳೂ ಆಗಬಹುದು. ನೌಕರನಿಗೂ ಅವನ ಮಾಲೀಕನಿಗೂ ಹೆಚ್ಚು ತೊಂದರೆ ಕೊಡುವುದು ಈ ಅನಿಶ್ಚಿತತೆಯೇ.

ಇದರ ಪ್ರಸಿದ್ಧ ಉದಾಹರಣೆ 1995ರಲ್ಲಿ ಲಾಸ್ ಏಂಜಲೀಸ್‌ನಲ್ಲಿ ನಡೆದ ಓ. ಜೆ. ಸಿಂಪ್ಸನ್ ಮೊಕದ್ದಮೆ. ಹೊರಗಿನ ಸುದ್ದಿ ಕಿವಿಗೆ ಬೀಳದಿರಲೆಂದು ಅದರ ಜ್ಯೂರಿ ಸದಸ್ಯರನ್ನು ಜನವರಿಯಿಂದ ಅಕ್ಟೋಬರ್‌ವರೆಗೆ, ಎಂಟು ತಿಂಗಳಿಗೂ ಹೆಚ್ಚು ಕಾಲ, ಹೋಟೆಲೊಂದರಲ್ಲಿ ಪ್ರತ್ಯೇಕವಾಗಿ ಇರಿಸಲಾಗಿತ್ತು. ಆಗ ಕ್ಯಾಲಿಫೋರ್ನಿಯಾದಲ್ಲಿ ಜ್ಯೂರಿ ಸದಸ್ಯರಿಗೆ ದೊರೆಯುತ್ತಿದ್ದ ಭತ್ಯೆ ದಿನಕ್ಕೆ 5 ಡಾಲರ್.

## ಇತಿಹಾಸ

ನ್ಯಾಯತೀರ್ಮಾನಕ್ಕೆ ಕುಳಿತ ನಾಗರಿಕನಿಗೆ ಹಣ ಕೊಡಬೇಕೆಂಬ ವಿಚಾರ ಬಹಳ ಹಳೆಯದು. ಪ್ರಾಚೀನ ಗ್ರೀಸ್‌ನ ಅಥೆನ್ಸ್ ನಗರದಲ್ಲಿ ನೂರಾರು ನಾಗರಿಕರು ಒಟ್ಟಿಗೆ ಕುಳಿತು ಮೊಕದ್ದಮೆಗಳನ್ನು ತೀರ್ಮಾನಿಸುತ್ತಿದ್ದರು. ಕ್ರಿ.ಪೂ. 5ನೆಯ ಶತಮಾನದಲ್ಲಿ ಪೆರಿಕ್ಲೀಸನು ಅವರಿಗೆ ದಿನಭತ್ಯೆಯನ್ನು ಆರಂಭಿಸಿದನು. ಮುಂದೆ ಕ್ಲಿಯಾನನ ಕಾಲದಲ್ಲಿ ಅದು ಮೂರು ಓಬೊಲ್ ನಾಣ್ಯಗಳಿಗೆ ಏರಿತು. ಹೊಲ ಹಾಗೂ ಕಾರ್ಯಾಗಾರಗಳಲ್ಲಿ ದುಡಿಯುವ ಬಡ ನಾಗರಿಕನೂ ನ್ಯಾಯಪೀಠದಲ್ಲಿ ಕೂರುವುದು ಇದರಿಂದ ಸಾಧ್ಯವಾಯಿತು. ಈ ಭತ್ಯೆಗಾಗಿಯೇ ನ್ಯಾಯಾಲಯಕ್ಕೆ ಓಡುವ ಮುದುಕರನ್ನು ನಾಟಕಕಾರ ಅರಿಸ್ಟೋಫೇನಿಸ್ ತನ್ನ 'ಕಣಜಗಳು' ಎಂಬ ಪ್ರಹಸನದಲ್ಲಿ ಗೇಲಿ ಮಾಡಿದ್ದಾನೆ.

ಇಂಗ್ಲೆಂಡಿನಲ್ಲಿ ಬೆಳೆದ ಜ್ಯೂರಿ ಪದ್ಧತಿ ಬೇರೆ ದಾರಿ ಹಿಡಿಯಿತು. ಅಲ್ಲಿ ಶತಮಾನಗಳ ಕಾಲ ಆಸ್ತಿಯುಳ್ಳವರಿಗೆ ಮಾತ್ರ ಜ್ಯೂರಿಯಲ್ಲಿ ಕೂರುವ ಅರ್ಹತೆ ಇತ್ತು. ಕೂಲಿ ಮಾಡಿ ಬದುಕುವವನು ಪಟ್ಟಿಯೊಳಗೇ ಬರುತ್ತಿರಲಿಲ್ಲವಾದ್ದರಿಂದ ಅವನ ದಿನಗೂಲಿಯ ಪ್ರಶ್ನೆಯೂ ಏಳಲಿಲ್ಲ. ಜ್ಯೂರಿ ಸದಸ್ಯರನ್ನು ನಡೆಸಿಕೊಳ್ಳುತ್ತಿದ್ದ ರೀತಿಯೂ ಕಠಿಣವಾಗಿತ್ತು. 1670ರಲ್ಲಿ ವಿಲಿಯಂ ಪೆನ್ ಮತ್ತು ವಿಲಿಯಂ ಮೀಡ್ ಅವರ ವಿಚಾರಣೆಯಲ್ಲಿ ನ್ಯಾಯಾಧೀಶರು ಬಯಸಿದ ತೀರ್ಪನ್ನು ಕೊಡದ ಸದಸ್ಯರನ್ನು ಅನ್ನ ನೀರು ಇಲ್ಲದೆ ಕೂಡಿಹಾಕಿ, ಬಳಿಕ ದಂಡ ವಿಧಿಸಲಾಯಿತು. ಅವರಲ್ಲಿ ಒಬ್ಬನಾದ ಎಡ್ವರ್ಡ್ ಬುಶೆಲ್ ದಂಡ ಕಟ್ಟಲು ಒಪ್ಪದೆ ಸೆರೆಮನೆಗೆ ಹೋದನು. ಆ ಪ್ರಕರಣದಿಂದ, ಕೊಟ್ಟ ತೀರ್ಪಿಗಾಗಿ ಜ್ಯೂರಿ ಸದಸ್ಯರನ್ನು ಶಿಕ್ಷಿಸುವಂತಿಲ್ಲ ಎಂಬ ತತ್ತ್ವ ನೆಲೆಗೊಂಡಿತು.

ಇಂಗ್ಲೆಂಡಿನಲ್ಲಿ ಜ್ಯೂರಿ ಸದಸ್ಯರಿಗೆ ಪ್ರಯಾಣ ವೆಚ್ಚ ಮತ್ತು ಗಳಿಕೆಯ ನಷ್ಟವನ್ನು ತುಂಬಿಕೊಡುವ ವ್ಯವಸ್ಥೆ ಬಂದುದು 1949ರ ಜ್ಯೂರಿ ಕಾಯಿದೆಯಿಂದ. ಆಸ್ತಿಯ ಅರ್ಹತೆ ರದ್ದಾಗಿ, ಮತದಾರರ ಪಟ್ಟಿಯೇ ಆಯ್ಕೆಗೆ ಆಧಾರವಾದುದು 1970ರ ದಶಕದಲ್ಲಿ. ಜ್ಯೂರಿಯ ಬಾಗಿಲು ದುಡಿಯುವ ವರ್ಗಕ್ಕೆ ತೆರೆದ ಮೇಲೆಯೇ ಉದ್ಯೋಗ ಮತ್ತು ಜ್ಯೂರಿ ಸೇವೆಯ ನಡುವಿನ ಘರ್ಷಣೆ ಕಾನೂನಿನ ಮುಂದೆ ದೊಡ್ಡದಾಗಿ ಬಂತು.

## ಅಮೆರಿಕ ಸಂಯುಕ್ತ ಸಂಸ್ಥಾನ

ಅಮೆರಿಕದ ಸಂವಿಧಾನದ 6ನೆಯ ತಿದ್ದುಪಡಿಯು ಕ್ರಿಮಿನಲ್ ಮೊಕದ್ದಮೆಗಳಲ್ಲಿಯೂ, 7ನೆಯ ತಿದ್ದುಪಡಿಯು ಫೆಡರಲ್ ನ್ಯಾಯಾಲಯಗಳ ಹಲವು ಸಿವಿಲ್ ವ್ಯಾಜ್ಯಗಳಲ್ಲಿಯೂ ಜ್ಯೂರಿ ವಿಚಾರಣೆಯ ಹಕ್ಕನ್ನು ಕೊಡುತ್ತವೆ. ಆದ್ದರಿಂದ ಅಲ್ಲಿ ಜ್ಯೂರಿ ಸೇವೆಯ ಕರೆ ಸಾಮಾನ್ಯ ಸಂಗತಿ. ಫೆಡರಲ್ ನ್ಯಾಯಾಲಯಗಳಿಗೆ ಒಂದು ಕಾನೂನು, ಪ್ರತಿ ರಾಜ್ಯದ ನ್ಯಾಯಾಲಯಗಳಿಗೆ ಆಯಾ ರಾಜ್ಯದ ಕಾನೂನು ಅನ್ವಯಿಸುತ್ತದೆ.

### ಅರ್ಹತೆ

ಫೆಡರಲ್ ಜ್ಯೂರಿಯಲ್ಲಿ ಸೇವೆ ಸಲ್ಲಿಸುವವರು ಅಮೆರಿಕದ ಪ್ರಜೆಗಳಾಗಿರಬೇಕು, 18 ವರ್ಷ ತುಂಬಿರಬೇಕು, ಆಯಾ ನ್ಯಾಯಿಕ ಜಿಲ್ಲೆಯಲ್ಲಿ ಒಂದು ವರ್ಷ ವಾಸವಾಗಿರಬೇಕು ಮತ್ತು ಇಂಗ್ಲಿಷ್ ಬಲ್ಲವರಾಗಿರಬೇಕು. ಕೆಲಸದ ವೀಸಾದ ಮೇಲೆ ಹೋದವರಾಗಲಿ, ಗ್ರೀನ್ ಕಾರ್ಡ್ ಪಡೆದ ಖಾಯಂ ನಿವಾಸಿಗಳಾಗಲಿ ಇದಕ್ಕೆ ಅರ್ಹರಲ್ಲ. ಅಲ್ಲಿ ನೆಲೆಸಿದ ಕನ್ನಡಿಗರಿಗೂ ಅಮೆರಿಕದ ಪೌರತ್ವ ಪಡೆದ ಮೇಲಷ್ಟೇ ಈ ಕರ್ತವ್ಯ ಅನ್ವಯವಾಗುತ್ತದೆ. ಪ್ರಜೆಯಲ್ಲದವರಿಗೆ ತಪ್ಪಾಗಿ ಕರೆ ಬಂದಲ್ಲಿ, ಅದನ್ನು ಕಡೆಗಣಿಸದೆ ಪ್ರಶ್ನಾವಳಿಯಲ್ಲಿ ತಮ್ಮ ಸ್ಥಿತಿಯನ್ನು ತಿಳಿಸಿ ಹಿಂತಿರುಗಿಸಬೇಕಾಗುತ್ತದೆ.

### ದಿನಗೂಲಿಯವರ ಪ್ರಶ್ನೆ: ಥೀಲ್ ಪ್ರಕರಣ (1946)

ಜ್ಯೂರಿ ಸೇವೆ ಮತ್ತು ದುಡಿಮೆಯ ಸಂಬಂಧದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ನೀಡಿದ ಮುಖ್ಯ ತೀರ್ಪು ಥೀಲ್ ವಿರುದ್ಧ ಸದರ್ನ್ ಪೆಸಿಫಿಕ್ ಕಂಪನಿ ಪ್ರಕರಣದ್ದು. ಚಲಿಸುತ್ತಿದ್ದ ರೈಲಿನ ಕಿಟಕಿಯಿಂದ ಹೊರಕ್ಕೆ ಜಿಗಿದು ಗಾಯಗೊಂಡ ಪ್ರಯಾಣಿಕ ಥೀಲ್, ತನ್ನ ಮನಸ್ಸು ಸ್ಥಿಮಿತದಲ್ಲಿ ಇಲ್ಲವೆಂದು ತಿಳಿದಿದ್ದರೂ ರೈಲ್ವೆಯವರು ತನ್ನನ್ನು ಕಾವಲಿಲ್ಲದೆ ಪ್ರಯಾಣ ಮಾಡಲು ಬಿಟ್ಟರೆಂದು ಪರಿಹಾರ ಕೇಳಿದ್ದನು. ವಿಚಾರಣೆ ಸಾನ್ ಫ್ರಾನ್ಸಿಸ್ಕೋದ ಫೆಡರಲ್ ನ್ಯಾಯಾಲಯದಲ್ಲಿ ನಡೆಯಿತು. ಜ್ಯೂರಿ ಪಟ್ಟಿಯಲ್ಲಿ ವ್ಯಾಪಾರಿಗಳು ಮತ್ತು ಆಡಳಿತಗಾರರೇ ಹೆಚ್ಚಾಗಿದ್ದಾರೆ, ದುಡಿಯುವ ಜನರಿಗೆ ಜಾಗವಿಲ್ಲ ಎಂದು ಅವನ ಪರವಾಗಿ ಆಕ್ಷೇಪಿಸಲಾಯಿತು. ಆಕ್ಷೇಪ ತಿರಸ್ಕೃತವಾಗಿ, ಜ್ಯೂರಿ ರೈಲ್ವೆ ಕಂಪನಿಯ ಪರವಾಗಿ ತೀರ್ಪಿತ್ತಿತು.

ಪಟ್ಟಿಯನ್ನು ಸಿದ್ಧಪಡಿಸುತ್ತಿದ್ದ ಅಧಿಕಾರಿಗಳ ಹೇಳಿಕೆಯಿಂದ ಒಂದು ಸಂಗತಿ ಹೊರಬಿತ್ತು. ಆಗ ಜ್ಯೂರಿ ಸದಸ್ಯರಿಗೆ ದಿನಕ್ಕೆ 4 ಡಾಲರ್ ಭತ್ಯೆ ಇತ್ತು. ದಿನಗೂಲಿಯವರನ್ನು ಕರೆದರೆ ಅವರು ತಮಗೆ ಅದಕ್ಕಿಂತ ಬಹಳ ಹೆಚ್ಚು ಕೂಲಿ ಬರುತ್ತದೆ, ಇಷ್ಟು ಕಡಿಮೆ ಹಣಕ್ಕೆ ಬರಲಾಗದು ಎನ್ನುತ್ತಿದ್ದರು. ನ್ಯಾಯಾಧೀಶರು ಅವರನ್ನು ಬಿಟ್ಟುಕೊಡುತ್ತಿದ್ದರು. ಹೇಗೂ ಬಿಡುಗಡೆ ಪಡೆಯುವವರ ಹೆಸರನ್ನು ಹಾಕುವುದೇಕೆಂದು ಅಧಿಕಾರಿಗಳು ದಿನಗೂಲಿಯವರನ್ನು ಪಟ್ಟಿಗೆ ಸೇರಿಸುವುದನ್ನೇ ನಿಲ್ಲಿಸಿದ್ದರು. ಅವರಲ್ಲಿ ದುರುದ್ದೇಶವಿರಲಿಲ್ಲ. ಬಡವರ ಮೇಲಿನ ಕನಿಕರವೂ ಕಚೇರಿಯ ಅನುಕೂಲವೂ ಕೂಡಿ ಒಂದು ಇಡೀ ವರ್ಗ ನ್ಯಾಯಾಲಯದಿಂದ ಹೊರಗುಳಿದಿತ್ತು.

ಸುಪ್ರೀಂ ಕೋರ್ಟ್ 1946ರಲ್ಲಿ ಈ ಕ್ರಮವನ್ನು ತಳ್ಳಿಹಾಕಿತು. ಬಹುಮತದ ತೀರ್ಪನ್ನು ಬರೆದವರು ನ್ಯಾಯಮೂರ್ತಿ ಫ್ರಾಂಕ್ ಮರ್ಫಿ. ಜ್ಯೂರಿಯು ಸಮಾಜದ ಎಲ್ಲ ವರ್ಗಗಳಿಂದ ಬರಬೇಕು. ಆರ್ಥಿಕ ಸ್ಥಾನಮಾನದ ಆಧಾರದ ಮೇಲೆ ಒಂದು ವರ್ಗವನ್ನೇ ಬಿಡುವುದು ಜ್ಯೂರಿಯನ್ನು ಉಳ್ಳವರ ಸಾಧನವನ್ನಾಗಿ ಮಾಡುವ ಅಪಾಯವನ್ನು ಹೊತ್ತಿರುತ್ತದೆ ಎಂಬುದು ಆ ತೀರ್ಪಿನ ಸಾರ. ನಿಜವಾದ ಸಂಕಷ್ಟದಲ್ಲಿರುವ ಒಬ್ಬ ದಿನಗೂಲಿ ಕಾರ್ಮಿಕನಿಗೆ ನ್ಯಾಯಾಧೀಶರು ವಿನಾಯಿತಿ ಕೊಡಬಹುದು, ಆದರೆ ದಿನಗೂಲಿಯವರೆಂಬ ಕಾರಣಕ್ಕೇ ಎಲ್ಲರನ್ನೂ ಸಾರಾಸಗಟಾಗಿ ಕೈಬಿಡುವಂತಿಲ್ಲ ಎಂದು ನ್ಯಾಯಾಲಯ ಸ್ಪಷ್ಟಪಡಿಸಿತು. ಆ ಮೊಕದ್ದಮೆಯಲ್ಲಿ ಥೀಲ್‌ಗೆ ಅನ್ಯಾಯವಾಯಿತೆಂದು ಪ್ರತ್ಯೇಕವಾಗಿ ಸಾಧಿಸಿ ತೋರಿಸುವ ಅಗತ್ಯವೂ ಇಲ್ಲವೆಂದು ಅದು ಹೇಳಿತು. ನ್ಯಾಯಮೂರ್ತಿ ಫೆಲಿಕ್ಸ್ ಫ್ರಾಂಕ್‌ಫರ್ಟರ್ ಭಿನ್ನಮತ ಬರೆದರು.

ಜ್ಯೂರಿಯು ಸಮಾಜದ ನ್ಯಾಯಯುತ ಪ್ರತಿರೂಪವಾಗಿರಬೇಕೆಂಬ ತತ್ತ್ವವನ್ನು ಮುಂದೆ 1968ರ ಜ್ಯೂರಿ ಆಯ್ಕೆ ಮತ್ತು ಸೇವಾ ಕಾಯಿದೆಯು ಫೆಡರಲ್ ನ್ಯಾಯಾಲಯಗಳ ನೀತಿಯಾಗಿ ಘೋಷಿಸಿತು. ಆರ್ಥಿಕ ಸ್ಥಾನಮಾನದ ಕಾರಣದಿಂದ ಯಾರನ್ನೂ ಹೊರಗಿಡಬಾರದೆಂದು ಆ ಕಾಯಿದೆ ಹೇಳುತ್ತದೆ.

### ಕೆಲಸದಿಂದ ತೆಗೆಯುವುದರ ವಿರುದ್ಧ ರಕ್ಷಣೆ

ಪಟ್ಟಿಯಲ್ಲಿ ಹೆಸರಿದ್ದ ಮಾತ್ರಕ್ಕೆ ಕಾರ್ಮಿಕನ ಸಮಸ್ಯೆ ಮುಗಿಯುವುದಿಲ್ಲ. ನ್ಯಾಯಾಲಯಕ್ಕೆ ಹೋಗಿ ಬರುವಷ್ಟರಲ್ಲಿ ಕೆಲಸವೇ ಕೈತಪ್ಪಿದರೆ ಅವನು ಮುಂದೆ ಆ ಕಡೆ ತಲೆಹಾಕುವುದಿಲ್ಲ. 1978ರಲ್ಲಿ ಅಮೆರಿಕದ ಕಾಂಗ್ರೆಸ್ ಅಂಗೀಕರಿಸಿದ ಕಾನೂನು ಇದಕ್ಕೆ ಪರಿಹಾರ ಕಲ್ಪಿಸಿತು. ಅದರ ಪ್ರಕಾರ ಫೆಡರಲ್ ಜ್ಯೂರಿ ಸೇವೆಯ ಕಾರಣಕ್ಕಾಗಿ ಯಾವ ಉದ್ಯೋಗದಾತನೂ ತನ್ನ ಖಾಯಂ ನೌಕರನನ್ನು ಕೆಲಸದಿಂದ ತೆಗೆಯುವಂತಿಲ್ಲ. ತೆಗೆಯುವುದಾಗಿ ಹೆದರಿಸುವುದು, ಒತ್ತಾಯ ಹೇರುವುದು ಸಹ ನಿಷಿದ್ಧ. ಇದನ್ನು ಮೀರಿದ ಉದ್ಯೋಗದಾತ ಪ್ರತಿ ಉಲ್ಲಂಘನೆಗೆ 5,000 ಡಾಲರ್‌ಗಳವರೆಗೆ ದಂಡ ತೆರಬೇಕಾಗಬಹುದು. ಕಳೆದುಕೊಂಡ ವೇತನವನ್ನು ಕೊಡಿಸುವ ಹಾಗೂ ನೌಕರನನ್ನು ಮರಳಿ ಕೆಲಸಕ್ಕೆ ಸೇರಿಸುವಂತೆ ಆದೇಶಿಸುವ ಅಧಿಕಾರ ನ್ಯಾಯಾಲಯಕ್ಕಿದೆ. ದೂರಿನಲ್ಲಿ ಹುರುಳಿದೆ ಎಂದು ಕಂಡರೆ ನ್ಯಾಯಾಲಯವೇ ನೌಕರನಿಗೆ ವಕೀಲರನ್ನು ನೇಮಿಸಿಕೊಡುತ್ತದೆ.

ಸೇವೆ ಮುಗಿಸಿ ಬಂದ ನೌಕರನನ್ನು ರಜೆಯ ಮೇಲೆ ಹೋಗಿ ಬಂದವನೆಂದು ಪರಿಗಣಿಸಬೇಕು. ಅವನ ಸೇವಾ ಹಿರಿತನಕ್ಕೆ ಕುಂದು ಬರಬಾರದು. ಆದರೆ ಈ ಕಾನೂನು ಖಾಯಂ ನೌಕರರನ್ನು ಮಾತ್ರ ಹೆಸರಿಸುತ್ತದೆ. ತಾತ್ಕಾಲಿಕ ನೌಕರರಿಗೂ ಗುತ್ತಿಗೆಯ ಮೇಲೆ ದುಡಿಯುವವರಿಗೂ ಇದರ ನೆರಳು ಸಿಗುವುದು ಕಷ್ಟ.

ರಾಜ್ಯಗಳ ನ್ಯಾಯಾಲಯಗಳಿಗೆ ಸಂಬಂಧಿಸಿ ಆಯಾ ರಾಜ್ಯಗಳು ಇಂತಹುದೇ ಕಾನೂನುಗಳನ್ನು ಹೊಂದಿವೆ. ಕೆಲವು ಕಾನೂನುಗಳು ಸೂಕ್ಷ್ಮ ವಿಷಯಗಳನ್ನೂ ಗಮನಿಸಿವೆ. ವರ್ಜೀನಿಯಾದಲ್ಲಿ ಜ್ಯೂರಿ ಸೇವೆಗೆಂದು ನೌಕರನು ತನ್ನ ಅನಾರೋಗ್ಯ ರಜೆಯನ್ನಾಗಲಿ ವಾರ್ಷಿಕ ರಜೆಯನ್ನಾಗಲಿ ಬಳಸಬೇಕೆಂದು ಉದ್ಯೋಗದಾತ ಒತ್ತಾಯಿಸುವಂತಿಲ್ಲ. ಹಗಲಿನಲ್ಲಿ ನಾಲ್ಕು ಗಂಟೆ ಅಥವಾ ಅದಕ್ಕಿಂತ ಹೆಚ್ಚು ಹೊತ್ತು ನ್ಯಾಯಾಲಯದಲ್ಲಿದ್ದವನನ್ನು ಅದೇ ದಿನ ರಾತ್ರಿ ಪಾಳಿಗೆ ಬರಬೇಕೆಂದು ಕೇಳುವಂತೆಯೂ ಇಲ್ಲ. ರಾತ್ರಿ ಪಾಳಿಯ ನೌಕರನಿಗೆ ಹಗಲು ಬಿಡುವಿದೆಯಲ್ಲ ಎಂಬ ವಾದಕ್ಕೆ ಇದು ಉತ್ತರ.

### ವೇತನ

ಕೆಲಸ ಉಳಿಸಿಕೊಡುವುದು ಬೇರೆ, ವೇತನ ಕೊಡುವುದು ಬೇರೆ. ಅಮೆರಿಕದ ಕಾರ್ಮಿಕ ವೇತನ ಕಾನೂನಿನಂತೆ ಕೆಲಸ ಮಾಡದ ಹೊತ್ತಿಗೆ ಖಾಸಗಿ ಉದ್ಯೋಗದಾತ ವೇತನ ಕೊಡಬೇಕಾಗಿಲ್ಲ. ಜ್ಯೂರಿ ಸೇವೆಯೂ ಇದರಲ್ಲಿ ಸೇರುತ್ತದೆ. ಗಂಟೆಯ ಲೆಕ್ಕದಲ್ಲಿ ಕೂಲಿ ಪಡೆಯುವವನಿಗೆ ಆ ದಿನಗಳ ಗಳಿಕೆ ಇಲ್ಲವಾಗುತ್ತದೆ. ಅಧಿಕಾವಧಿ ಭತ್ಯೆಯ ನಿಯಮಕ್ಕೆ ಒಳಪಡದ ಸಂಬಳದಾರ ನೌಕರರ ಸ್ಥಿತಿ ಸ್ವಲ್ಪ ಮೇಲು. ವಾರದಲ್ಲಿ ಒಂದಿಷ್ಟಾದರೂ ಕೆಲಸ ಮಾಡಿದ್ದರೆ ಅವರ ಆ ವಾರದ ಸಂಬಳದಲ್ಲಿ ಜ್ಯೂರಿ ಸೇವೆಗಾಗಿ ಕಡಿತ ಮಾಡುವಂತಿಲ್ಲ. ನ್ಯಾಯಾಲಯ ಕೊಟ್ಟ ಭತ್ಯೆಯಷ್ಟನ್ನು ಮಾತ್ರ ಹೊಂದಿಸಿಕೊಳ್ಳಬಹುದು. ಫೆಡರಲ್ ಸರ್ಕಾರದ ನೌಕರರಿಗಂತೂ ನ್ಯಾಯಾಲಯ ರಜೆ ಎಂಬ ಪ್ರತ್ಯೇಕ ರಜೆ ಇದ್ದು, ಪೂರ್ಣ ಸಂಬಳ ದೊರೆಯುತ್ತದೆ. ಹೀಗೆ ಒಂದೇ ಜ್ಯೂರಿಯಲ್ಲಿ ಅಕ್ಕಪಕ್ಕ ಕುಳಿತ ಇಬ್ಬರಲ್ಲಿ ಒಬ್ಬರಿಗೆ ಏನೂ ನಷ್ಟವಾಗದೆ, ಇನ್ನೊಬ್ಬರಿಗೆ ಮನೆಬಾಡಿಗೆಗೇ ಕುತ್ತು ಬರುವುದು ಸಾಧ್ಯ.

ಫೆಡರಲ್ ನ್ಯಾಯಾಲಯಗಳು ಜ್ಯೂರಿ ಸದಸ್ಯರಿಗೆ ದಿನಕ್ಕೆ 50 ಡಾಲರ್ ಭತ್ಯೆ ಕೊಡುತ್ತವೆ. ವಿಚಾರಣೆ ಹತ್ತು ದಿನಗಳನ್ನು ಮೀರಿದರೆ ಇದನ್ನು 60 ಡಾಲರ್‌ವರೆಗೆ ಏರಿಸಬಹುದು. ರಾಜ್ಯಗಳ ನ್ಯಾಯಾಲಯಗಳಲ್ಲಿ ಭತ್ಯೆ ಬಹಳ ವ್ಯತ್ಯಾಸವಾಗುತ್ತದೆ. ಕ್ಯಾಲಿಫೋರ್ನಿಯಾದಲ್ಲಿ ಎರಡನೆಯ ದಿನದಿಂದ ದಿನಕ್ಕೆ 15 ಡಾಲರ್ ಕೊಡುವ ಪದ್ಧತಿ ಬಹುಕಾಲದಿಂದ ನಡೆದುಬಂದಿದೆ.

ಕೆಲವು ರಾಜ್ಯಗಳು ಹೊರೆಯನ್ನು ಉದ್ಯೋಗದಾತನೊಂದಿಗೆ ಹಂಚಿಕೊಂಡಿವೆ:

* ಮ್ಯಾಸಚೂಸೆಟ್ಸ್‌ನಲ್ಲಿ ಮೊದಲ ಮೂರು ದಿನ ಉದ್ಯೋಗದಾತ ಎಂದಿನ ವೇತನ ಕೊಡಬೇಕು. ನಾಲ್ಕನೆಯ ದಿನದಿಂದ ರಾಜ್ಯವು ದಿನಕ್ಕೆ 50 ಡಾಲರ್ ಕೊಡುತ್ತದೆ.
* ಕೊಲೊರಾಡೊದಲ್ಲಿ ಮೊದಲ ಮೂರು ದಿನ ಉದ್ಯೋಗದಾತ ದಿನಕ್ಕೆ 50 ಡಾಲರ್ ಮಿತಿಯೊಳಗೆ ವೇತನ ಕೊಡಬೇಕು.
* ಕನೆಕ್ಟಿಕಟ್‌ನಲ್ಲಿ ಪೂರ್ಣಾವಧಿ ನೌಕರರಿಗೆ ಮೊದಲ ಐದು ದಿನಗಳ ವೇತನ ಉದ್ಯೋಗದಾತನ ಹೊಣೆ.
* ನೆಬ್ರಾಸ್ಕದಲ್ಲಿ ಉದ್ಯೋಗದಾತನು ಜ್ಯೂರಿ ಭತ್ಯೆಯನ್ನು ಕಳೆದು ಉಳಿದ ವೇತನ ಕೊಡಬೇಕು.

ಹೀಗೆ ಮಾಲೀಕರ ಮೇಲೆ ಹೊರೆ ಹಾಕುವುದು ಸಂವಿಧಾನಬದ್ಧವೇ ಎಂಬ ಪ್ರಶ್ನೆ 1973ರಲ್ಲಿ ಡೀನ್ ವಿರುದ್ಧ ಗ್ಯಾಡ್ಸ್‌ಡನ್ ಟೈಮ್ಸ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್‌ನ ಮುಂದೆ ಬಂತು. ನೌಕರನಿಗೆ ಜ್ಯೂರಿ ಸೇವೆಯ ದಿನಗಳ ವೇತನ ಕೊಡಬೇಕೆಂಬ ಅಲಬಾಮಾ ರಾಜ್ಯದ ಕಾನೂನನ್ನು ನ್ಯಾಯಾಲಯ ಎತ್ತಿಹಿಡಿಯಿತು. ಮತದಾನಕ್ಕೆ ಹೋದ ಹೊತ್ತಿನ ವೇತನವನ್ನು ಕಡಿತ ಮಾಡಬಾರದೆಂಬ ಮಿಸೌರಿ ರಾಜ್ಯದ ಕಾನೂನನ್ನು 1952ರಲ್ಲಿ ಎತ್ತಿಹಿಡಿದಿದ್ದ ತನ್ನದೇ ತೀರ್ಪನ್ನು ಅದು ಆಧಾರವಾಗಿ ತೆಗೆದುಕೊಂಡಿತು.

### ಮುಂದೂಡಿಕೆ ಮತ್ತು ವಿನಾಯಿತಿ

ಕೆಲಸದ ಒತ್ತಡವಿರುವವರಿಗೆ ಸಾಮಾನ್ಯವಾಗಿ ದೊರೆಯುವುದು ಮುಂದೂಡಿಕೆ, ಪೂರ್ಣ ವಿನಾಯಿತಿಯಲ್ಲ. ಶಾಲಾ ಶಿಕ್ಷಕರು ಬೇಸಿಗೆ ರಜೆಗೆ, ರೈತರು ಸುಗ್ಗಿಯ ನಂತರಕ್ಕೆ, ಲೆಕ್ಕಪರಿಶೋಧಕರು ತೆರಿಗೆಯ ಅವಧಿ ಕಳೆದ ಮೇಲಕ್ಕೆ ದಿನಾಂಕವನ್ನು ಕೋರಬಹುದು. ಸಂಪೂರ್ಣ ವಿನಾಯಿತಿ ಬೇಕಾದರೆ ಫೆಡರಲ್ ಕಾನೂನಿನ ಪ್ರಕಾರ ಮಿತಿಮೀರಿದ ಸಂಕಷ್ಟ ಅಥವಾ ತೀವ್ರ ಅನನುಕೂಲವನ್ನು ತೋರಿಸಬೇಕು. ಕಚೇರಿಯಲ್ಲಿ ಕೆಲಸ ಹೆಚ್ಚಿದೆ ಎಂಬುದು ಇದಕ್ಕೆ ಸಾಲದು.

ಸಕ್ರಿಯ ಸೇನಾ ಸೇವೆಯಲ್ಲಿರುವವರು, ಪೊಲೀಸ್ ಹಾಗೂ ಅಗ್ನಿಶಾಮಕ ದಳದವರು ಮತ್ತು ಸಾರ್ವಜನಿಕ ಅಧಿಕಾರಿಗಳು ಫೆಡರಲ್ ಜ್ಯೂರಿಯಿಂದ ಹೊರಗಿರುತ್ತಾರೆ. ಕರೆಯನ್ನು ಕಡೆಗಣಿಸಿದವರಿಗೆ 1,000 ಡಾಲರ್‌ವರೆಗೆ ದಂಡ, ಮೂರು ದಿನಗಳವರೆಗೆ ಸೆರೆವಾಸ ಅಥವಾ ಸಮುದಾಯ ಸೇವೆಯನ್ನು ವಿಧಿಸಲು ಅವಕಾಶವಿದೆ.

'ಒಂದು ದಿನ ಅಥವಾ ಒಂದು ವಿಚಾರಣೆ' ಎಂಬ ಪದ್ಧತಿಯಿಂದ ಅನೇಕ ಕಡೆ ತೊಂದರೆ ತಗ್ಗಿದೆ. ಇದರಲ್ಲಿ ಕರೆ ಬಂದ ವ್ಯಕ್ತಿ ಒಂದು ದಿನ ಹಾಜರಾದಾಗ ಯಾವ ಮೊಕದ್ದಮೆಗೂ ಆಯ್ಕೆಯಾಗದಿದ್ದರೆ ಅವನ ಕರ್ತವ್ಯ ಅಲ್ಲಿಗೇ ಮುಗಿಯುತ್ತದೆ. ಆಯ್ಕೆಯಾದರೆ ಆ ಒಂದು ವಿಚಾರಣೆ ಮುಗಿಯುವವರೆಗೆ ಮಾತ್ರ ಇರಬೇಕು. ವಾರಗಟ್ಟಲೆ ಕಾದು ಕುಳಿತುಕೊಳ್ಳುವ ಹಳೆಯ ಕ್ರಮ ಇದರಿಂದ ಕಡಿಮೆಯಾಯಿತು.

## ಇತರ ದೇಶಗಳು

### ಇಂಗ್ಲೆಂಡ್ ಮತ್ತು ವೇಲ್ಸ್

ಇಲ್ಲಿ 1974ರ ಜ್ಯೂರಿ ಕಾಯಿದೆ ಜಾರಿಯಲ್ಲಿದೆ. ಮತದಾರರ ಪಟ್ಟಿಯಲ್ಲಿ ಹೆಸರಿರುವ, 18ರಿಂದ 75 ವರ್ಷದೊಳಗಿನ, 13ನೆಯ ವಯಸ್ಸಿನ ಬಳಿಕ ಕನಿಷ್ಠ ಐದು ವರ್ಷ ಬ್ರಿಟನ್ನಿನಲ್ಲಿ ವಾಸಿಸಿರುವ ಯಾರಿಗೇ ಆದರೂ ಕರೆ ಬರಬಹುದು. ಬ್ರಿಟಿಷ್ ಪೌರತ್ವ ಬೇಕೆಂದಿಲ್ಲ. ಕಾಮನ್‌ವೆಲ್ತ್ ದೇಶಗಳ ಪ್ರಜೆಗಳಿಗೆ ಅಲ್ಲಿ ಮತದಾರರಾಗುವ ಅವಕಾಶವಿರುವುದರಿಂದ, ಭಾರತದ ಪಾಸ್‌ಪೋರ್ಟ್ ಹೊಂದಿದವರೂ ಜ್ಯೂರಿಯಲ್ಲಿ ಕೂರಬೇಕಾಗಿ ಬರಬಹುದು. ಲಂಡನ್ನಿನಲ್ಲಿ ಐದು ವರ್ಷಗಳಿಗಿಂತ ಹೆಚ್ಚು ಕಾಲ ನೆಲೆಸಿ ಮತದಾರರಾಗಿರುವ ಕನ್ನಡಿಗರ ಸ್ಥಿತಿ ಈ ವಿಷಯದಲ್ಲಿ ಅಮೆರಿಕದ ಕನ್ನಡಿಗರಿಗಿಂತ ಭಿನ್ನ.

ಸೇವೆಯ ಅವಧಿ ಸಾಮಾನ್ಯವಾಗಿ ಹತ್ತು ಕೆಲಸದ ದಿನಗಳು. ಉದ್ಯೋಗದಾತ ಬಿಡುವು ಕೊಡಲೇಬೇಕು, ಆದರೆ ವೇತನ ಕೊಡಬೇಕೆಂಬ ನಿಯಮವಿಲ್ಲ. ವೇತನ ನಿಂತಲ್ಲಿ ನೌಕರನು ಉದ್ಯೋಗದಾತನಿಂದ ನಷ್ಟದ ಪ್ರಮಾಣಪತ್ರ ಬರೆಸಿಕೊಂಡು ನ್ಯಾಯಾಲಯದಿಂದ ಒಂದು ಮಿತಿಯೊಳಗೆ ಪರಿಹಾರ ಪಡೆಯಬಹುದು. ಮೊದಲ ಹತ್ತು ದಿನಗಳಿಗೆ ಈ ಮಿತಿ ದಿನಕ್ಕೆ ಸುಮಾರು 65 ಪೌಂಡ್ ಇದ್ದುದು ಬಹುಕಾಲ ಮುಂದುವರಿಯಿತು. 1996ರ ಉದ್ಯೋಗ ಹಕ್ಕುಗಳ ಕಾಯಿದೆಗೆ ತಂದ ತಿದ್ದುಪಡಿಯಂತೆ ಜ್ಯೂರಿ ಸೇವೆಗಾಗಿ ನೌಕರನನ್ನು ವಜಾ ಮಾಡುವುದು ಅನ್ಯಾಯದ ವಜಾ ಎನಿಸಿಕೊಳ್ಳುತ್ತದೆ. ಆದರೆ ನೌಕರನ ಗೈರುಹಾಜರಿಯಿಂದ ವ್ಯವಹಾರಕ್ಕೆ ಗಂಭೀರ ಹಾನಿಯಾಗುವುದೆಂದು ತಿಳಿಸಿದ ಮೇಲೂ, ಅವನು ಸಕಾರಣವಿಲ್ಲದೆ ಮುಂದೂಡಿಕೆಯನ್ನು ಕೋರದೆ ಹೋದರೆ ಈ ರಕ್ಷಣೆ ದೊರೆಯುವುದಿಲ್ಲ.

ಹಿಂದೆ ವೈದ್ಯರು, ಸಂಸದರು ಮುಂತಾದವರಿಗೆ ತಮ್ಮ ವೃತ್ತಿಯ ಕಾರಣದಿಂದಲೇ ಹಿಂದೆ ಸರಿಯುವ ಹಕ್ಕಿತ್ತು. ನ್ಯಾಯಾಧೀಶರು ಮತ್ತು ವಕೀಲರು ಜ್ಯೂರಿಗೆ ಅನರ್ಹರಾಗಿದ್ದರು. 2003ರ ಕ್ರಿಮಿನಲ್ ನ್ಯಾಯ ಕಾಯಿದೆಯು ಇವೆರಡನ್ನೂ ತೆಗೆದುಹಾಕಿತು. ಈಗ ನ್ಯಾಯಾಧೀಶರೂ ಜ್ಯೂರಿ ಸದಸ್ಯರಾಗಿ ಕೂರಬೇಕಾಗುತ್ತದೆ.

### ಐರ್ಲೆಂಡ್, ಆಸ್ಟ್ರೇಲಿಯಾ, ಜಪಾನ್

ಐರ್ಲೆಂಡಿನ 1976ರ ಜ್ಯೂರಿ ಕಾಯಿದೆಯು ಜ್ಯೂರಿ ಸೇವೆಯಲ್ಲಿರುವ ನೌಕರನನ್ನು ಆ ಅವಧಿಯಲ್ಲೂ ಕೆಲಸದಲ್ಲಿರುವವನೆಂದೇ ಪರಿಗಣಿಸುತ್ತದೆ. ಹಾಗಾಗಿ ವೇತನ ನಿಲ್ಲುವುದಿಲ್ಲ. ಆದರೆ ಸ್ವಂತ ಉದ್ಯೋಗ ಮಾಡುವವರಿಗೆ ಇದರಿಂದ ಪ್ರಯೋಜನವಿಲ್ಲ.

ಆಸ್ಟ್ರೇಲಿಯಾದ 2009ರ ಫೇರ್ ವರ್ಕ್ ಕಾಯಿದೆಯಲ್ಲಿ ಜ್ಯೂರಿ ಸೇವೆಯನ್ನು ಸಮುದಾಯ ಸೇವಾ ರಜೆಯೊಳಗೆ ಸೇರಿಸಲಾಗಿದೆ. ನ್ಯಾಯಾಲಯದ ಭತ್ಯೆಗೂ ಮೂಲ ವೇತನಕ್ಕೂ ಇರುವ ವ್ಯತ್ಯಾಸವನ್ನು ಮೊದಲ ಹತ್ತು ದಿನಗಳವರೆಗೆ ಉದ್ಯೋಗದಾತ ತುಂಬಿಕೊಡಬೇಕು. ತಾತ್ಕಾಲಿಕ ನೌಕರರಿಗೆ ಈ ಸೌಲಭ್ಯ ಅನ್ವಯಿಸುವುದಿಲ್ಲ.

ಜಪಾನಿನಲ್ಲಿ 2009ರಿಂದ ಗಂಭೀರ ಅಪರಾಧಗಳ ವಿಚಾರಣೆಯಲ್ಲಿ ಸಾಮಾನ್ಯವಾಗಿ ಮೂವರು ನ್ಯಾಯಾಧೀಶರೊಂದಿಗೆ ಆರು ಮಂದಿ ನಾಗರಿಕರು ಕುಳಿತುಕೊಳ್ಳುತ್ತಾರೆ. ಈ ಪದ್ಧತಿಗೆ ಸಾಯ್‌ಬಾನ್-ಇನ್ ಎಂದು ಹೆಸರು. ಇದು ನಿಜವಾದ ಅರ್ಥದಲ್ಲಿ ಜ್ಯೂರಿಯಲ್ಲವಾದರೂ ಉದ್ಯೋಗದ ಸಮಸ್ಯೆ ಒಂದೇ. ಸೇವೆಗಾಗಿ ರಜೆ ಪಡೆದವರಿಗೆ ಉದ್ಯೋಗದಲ್ಲಿ ತೊಂದರೆ ಕೊಡಬಾರದೆಂದು ಕಾನೂನು ಹೇಳುತ್ತದೆ. ತಾನೇ ನಿರ್ವಹಿಸದಿದ್ದರೆ ಭಾರಿ ನಷ್ಟವಾಗುವಂತಹ ಮುಖ್ಯ ಕೆಲಸವಿದ್ದಾಗ ನಿರಾಕರಿಸಲು ಅವಕಾಶವನ್ನೂ ಕೊಡುತ್ತದೆ.

## ಭಾರತ

ಬ್ರಿಟಿಷರ ಆಳ್ವಿಕೆಯಲ್ಲಿ ಭಾರತಕ್ಕೂ ಜ್ಯೂರಿ ಪದ್ಧತಿ ಬಂದಿತ್ತು. 1958ರಲ್ಲಿ ಕಾನೂನು ಆಯೋಗವು ತನ್ನ 14ನೆಯ ವರದಿಯಲ್ಲಿ ಇದನ್ನು ಕೈಬಿಡಲು ಶಿಫಾರಸು ಮಾಡಿತು. ಮರುವರ್ಷ ಮುಂಬಯಿಯಲ್ಲಿ ನಡೆದ ನೌಕಾಪಡೆಯ ಅಧಿಕಾರಿ ಕೆ. ಎಂ. ನಾನಾವತಿಯವರ ಮೊಕದ್ದಮೆಯಲ್ಲಿ ಜ್ಯೂರಿಯು 8–1ರ ಬಹುಮತದಿಂದ ಅವರನ್ನು ನಿರ್ದೋಷಿ ಎಂದಿತು. ಸೆಷನ್ಸ್ ನ್ಯಾಯಾಧೀಶರು ಆ ತೀರ್ಪನ್ನು ಒಪ್ಪದೆ ಪ್ರಕರಣವನ್ನು ಹೈಕೋರ್ಟಿಗೆ ಕಳುಹಿಸಿದರು. ಹೈಕೋರ್ಟ್ ವಿಧಿಸಿದ ಶಿಕ್ಷೆಯನ್ನು ಸುಪ್ರೀಂ ಕೋರ್ಟ್ 1961ರಲ್ಲಿ ಎತ್ತಿಹಿಡಿಯಿತು. ಇದೇ ದೇಶದ ಕೊನೆಯ ಜ್ಯೂರಿ ವಿಚಾರಣೆಯೆಂಬ ನಂಬಿಕೆ ವ್ಯಾಪಕವಾಗಿದ್ದರೂ ಅದು ಸರಿಯಲ್ಲ. ಕೆಲವೆಡೆ ಜ್ಯೂರಿ ವಿಚಾರಣೆಗಳು ಅನಂತರವೂ ನಡೆದವು. 1973ರ ದಂಡ ಪ್ರಕ್ರಿಯಾ ಸಂಹಿತೆಯಲ್ಲಿ ಜ್ಯೂರಿಗೆ ಸ್ಥಾನ ಕೊಡಲಿಲ್ಲ. ಪಾರ್ಸಿ ವೈವಾಹಿಕ ನ್ಯಾಯಾಲಯಗಳಲ್ಲಿ ಮಾತ್ರ ಸಮುದಾಯದ ಪ್ರತಿನಿಧಿಗಳು ಕುಳಿತು ತೀರ್ಮಾನದಲ್ಲಿ ಪಾಲ್ಗೊಳ್ಳುವ, ಜ್ಯೂರಿಯನ್ನು ಹೋಲುವ ವ್ಯವಸ್ಥೆ ಉಳಿದುಬಂದಿದೆ.

ಆದ್ದರಿಂದ ಇಂದಿನ ಭಾರತೀಯ ನೌಕರನಿಗೆ ಜ್ಯೂರಿ ಸೇವೆಯ ಸಮಸ್ಯೆ ಇಲ್ಲ. ಆದರೆ ನಾಗರಿಕ ಕರ್ತವ್ಯಕ್ಕೂ ದುಡಿಮೆಗೂ ನಡುವಿನ ಘರ್ಷಣೆ ಬೇರೆ ರೂಪಗಳಲ್ಲಿ ಇದೆ. 1951ರ ಜನತಾ ಪ್ರಾತಿನಿಧ್ಯ ಕಾಯಿದೆಯ 135ಬಿ ವಿಧಿಯು ಮತದಾನದ ದಿನ ನೌಕರರಿಗೆ ವೇತನಸಹಿತ ರಜೆಯನ್ನು ಕಡ್ಡಾಯಗೊಳಿಸಿದೆ. ರಜಾದಿನಕ್ಕೆ ಸಾಮಾನ್ಯವಾಗಿ ಕೂಲಿಯಿಲ್ಲದ ದಿನಗೂಲಿ ನೌಕರನಿಗೂ ಆ ದಿನದ ಕೂಲಿ ಕೊಡಬೇಕೆಂದು ಅದು ಸ್ಪಷ್ಟವಾಗಿ ಹೇಳುತ್ತದೆ. ಕೂಲಿ ಕಳೆದುಕೊಳ್ಳುವ ಭಯದಿಂದ ಬಡವನು ಮತಗಟ್ಟೆಯಿಂದ ದೂರ ಉಳಿಯಬಾರದೆಂಬ ಇದರ ಉದ್ದೇಶವೂ, ಜ್ಯೂರಿ ಸದಸ್ಯನಿಗೆ ವೇತನ ಕೊಡಬೇಕೆನ್ನುವ ವಾದವೂ ಒಂದೇ ತತ್ತ್ವದಿಂದ ಹೊರಟಿವೆ. ಚುನಾವಣಾ ಕೆಲಸಕ್ಕೆ ಹಾಗೂ ಜನಗಣತಿಗೆ ಶಿಕ್ಷಕರನ್ನು ನಿಯೋಜಿಸುವುದು, ಸಾಕ್ಷಿಗಳನ್ನು ಮತ್ತೆ ಮತ್ತೆ ನ್ಯಾಯಾಲಯಕ್ಕೆ ಕರೆಸುವುದು ಇವೂ ಇದೇ ಬಗೆಯ ಪ್ರಶ್ನೆಗಳನ್ನು ಎತ್ತುತ್ತವೆ.

## ಸಾಮಾನ್ಯವಾಗಿ ಅನುಸರಿಸುವ ಕ್ರಮ

ಜ್ಯೂರಿ ಪದ್ಧತಿ ಇರುವ ದೇಶಗಳಲ್ಲಿ ಕರೆ ಬಂದ ನೌಕರರು ಮೊದಲು ಸಮನ್ಸಿನ ಪ್ರತಿಯನ್ನು ಉದ್ಯೋಗದಾತನಿಗೆ ಕೊಡುತ್ತಾರೆ. ಕೆಲವು ಕಡೆ ಸಕಾಲದಲ್ಲಿ ಹೀಗೆ ತಿಳಿಸಿದವರಿಗೆ ಮಾತ್ರ ಕಾನೂನಿನ ರಕ್ಷಣೆ ದೊರೆಯುತ್ತದೆ. ಬಳಿಕ ಪ್ರಶ್ನಾವಳಿಯನ್ನು ತುಂಬಿ ಗಡುವಿನೊಳಗೆ ನ್ಯಾಯಾಲಯಕ್ಕೆ ಹಿಂತಿರುಗಿಸಬೇಕು. ಮುಂದೂಡಿಕೆ ಬೇಕಿದ್ದರೆ ಅದರಲ್ಲೇ ಕಾರಣಸಹಿತ ಕೋರಬೇಕು. ಉದ್ಯೋಗದಾತ ಬರೆದುಕೊಟ್ಟ ಪತ್ರವನ್ನು ಲಗತ್ತಿಸಬಹುದು, ಆದರೆ ಬಿಡುಗಡೆ ಮಾಡುವ ಅಧಿಕಾರ ಇರುವುದು ನ್ಯಾಯಾಲಯಕ್ಕೆ ಮಾತ್ರ. ವಿಚಾರಣೆ ದೀರ್ಘವಾಗುವ ಸೂಚನೆ ಇದ್ದಾಗ ನ್ಯಾಯಾಧೀಶರು ಆಯ್ಕೆಯ ಹಂತದಲ್ಲಿಯೇ ಸಂಭಾವ್ಯ ಸದಸ್ಯರ ಆರ್ಥಿಕ ತೊಂದರೆಗಳನ್ನು ಕೇಳಿ ತಿಳಿಯುತ್ತಾರೆ. ಸೇವೆ ಮುಗಿದ ಮೇಲೆ ನ್ಯಾಯಾಲಯದ ಕಚೇರಿ ಕೊಡುವ ಹಾಜರಾತಿ ಪತ್ರವನ್ನು ಉದ್ಯೋಗದಾತನಿಗೆ ಸಲ್ಲಿಸಬೇಕಾಗುತ್ತದೆ.

## ಟೀಕೆ ಮತ್ತು ಸುಧಾರಣೆ

ಇಷ್ಟೆಲ್ಲ ಕಾನೂನುಗಳಿದ್ದರೂ ಕೆಲವು ಕೊರತೆಗಳು ಉಳಿದಿವೆ. ಅಂಗಡಿ ನಡೆಸುವವರು, ಟ್ಯಾಕ್ಸಿ ಓಡಿಸುವವರು, ಸ್ವಂತ ಚಿಕಿತ್ಸಾಲಯವುಳ್ಳ ವೈದ್ಯರು ಮುಂತಾದ ಸ್ವಉದ್ಯೋಗಿಗಳಿಗೆ ರಕ್ಷಣೆ ಕೊಡಲು ಉದ್ಯೋಗದಾತನೇ ಇರುವುದಿಲ್ಲ. ಇಬ್ಬರು ಮೂವರು ನೌಕರರಿರುವ ಸಣ್ಣ ಸಂಸ್ಥೆಗೆ ಒಬ್ಬನು ಎರಡು ವಾರ ಇಲ್ಲದಿರುವುದು ದೊಡ್ಡ ಪೆಟ್ಟು. ಅದರ ಜೊತೆಗೆ ವೇತನವನ್ನೂ ಕೊಡಬೇಕೆಂದರೆ ಹೊರೆ ಇಮ್ಮಡಿಯಾಗುತ್ತದೆ. ನ್ಯಾಯದಾನ ಸರ್ಕಾರದ ಹೊಣೆ, ಅದರ ವೆಚ್ಚವನ್ನು ಕೆಲವು ಮಾಲೀಕರ ಮೇಲೆ ಹಾಕುವುದು ಸರಿಯಲ್ಲ ಎಂಬುದು ಇಂತಹವರ ವಾದ. ಜ್ಯೂರಿ ಪದ್ಧತಿಯಿಂದ ಇಡೀ ಸಮಾಜಕ್ಕೆ ಲಾಭವಿರುವಾಗ ಉದ್ಯೋಗದಾತರೂ ಅದರ ಭಾರದಲ್ಲಿ ಪಾಲುದಾರರಾಗಬೇಕು ಎಂಬುದು ಇದಕ್ಕೆ ಎದುರಾದ ವಾದ.

ದಿನವೂ ಕೂಲಿ ಕಳೆದುಕೊಳ್ಳುತ್ತಿರುವ ಸದಸ್ಯನಿಗೆ ಚರ್ಚೆಯನ್ನು ಬೇಗ ಮುಗಿಸಿ ಹೊರಡುವ ಆತುರ ಇರುವುದು ಸಹಜ. ಒಬ್ಬನ ಸ್ವಾತಂತ್ರ್ಯವೋ ಬದುಕೋ ತೂಗುತ್ತಿರುವ ಸಮಯದಲ್ಲಿ ಇಂತಹ ಆತುರ ಅಪಾಯಕಾರಿ ಎಂದು ಸುಧಾರಣಾವಾದಿಗಳು ಹೇಳುತ್ತಾರೆ.

ಭತ್ಯೆಯನ್ನು ನಿಜವಾದ ಕೂಲಿಯ ಸಮೀಪಕ್ಕೆ ತರುವ ಪ್ರಯತ್ನಗಳೂ ನಡೆದಿವೆ. ಸಾನ್ ಫ್ರಾನ್ಸಿಸ್ಕೋದಲ್ಲಿ 2022ರಲ್ಲಿ ಆರಂಭವಾದ ಪ್ರಾಯೋಗಿಕ ಯೋಜನೆಯೊಂದರಲ್ಲಿ, ಕ್ರಿಮಿನಲ್ ಮೊಕದ್ದಮೆಗಳಲ್ಲಿ ಕೂರುವ ಕಡಿಮೆ ಮತ್ತು ಮಧ್ಯಮ ವರಮಾನದ ಸದಸ್ಯರಿಗೆ ದಿನಕ್ಕೆ 100 ಡಾಲರ್ ನಿಗದಿಪಡಿಸಲಾಯಿತು. ದಿನಗೂಲಿಯವರ ಹೆಸರುಗಳನ್ನು ಕೈಬಿಟ್ಟದ್ದಕ್ಕಾಗಿ ಥೀಲ್ ಪ್ರಕರಣ ಎದ್ದುದು ಇದೇ ನಗರದಲ್ಲಿ. ಹೆಸರನ್ನು ಪಟ್ಟಿಗೆ ಸೇರಿಸುವುದನ್ನು ಕಾನೂನು 1946ರಲ್ಲಿಯೇ ಖಚಿತಪಡಿಸಿತ್ತು. ಆ ವ್ಯಕ್ತಿ ಮನೆಯ ಖರ್ಚಿಗೆ ಅಂಜದೆ ನ್ಯಾಯಾಲಯಕ್ಕೆ ಬರುವಂತೆ ಮಾಡುವ ಕೆಲಸ ಇನ್ನೂ ನಡೆಯುತ್ತಿದೆ.

## ಇವನ್ನೂ ನೋಡಿ

* ಜ್ಯೂರಿ
* ನಾನಾವತಿ ಪ್ರಕರಣ
* ಅಮೆರಿಕ ಸಂಯುಕ್ತ ಸಂಸ್ಥಾನದ ಸಂವಿಧಾನ
* ಜನತಾ ಪ್ರಾತಿನಿಧ್ಯ ಕಾಯಿದೆ, 1951